ಡೈರಿ ಹೊತ್ತಿಗೆ ನಿಂತ ಮೆಷಿನ್

ಕೋವಿಡ್ ಕಳೆದ ಮರುವರ್ಷ. ಸರ್ಕಾರಿ ಸೇವೆಯಿಂದ ನಿವೃತ್ತಳಾಗಿದ್ದ ನಾನು, ದೊಡ್ಡಬಳ್ಳಾಪುರದ ಒಂದು ಖಾಸಗಿ ಡಯಾಲಿಸಿಸ್ ಸೆಂಟರಿಗೆ ವಾರಕ್ಕೊಮ್ಮೆ ಹೋಗುವ ಕಿಡ್ನಿ ತಜ್ಞೆಯಾಗಿ ಸೇರಿಕೊಂಡೆ. ಒಳಗೆ ಕಾಲಿಟ್ಟರೆ ಮದುವೆ ಛತ್ರದ ಹಾಗೆ ಥಳಥಳ. ಮೆತ್ತನೆಯ ಸೋಫಾ, ದೊಡ್ಡ ಟಿವಿ, ಬಾಗಿಲಲ್ಲೇ ನಮಸ್ಕಾರ. ಪರವಾಗಿಲ್ಲವೇ ಅಂದುಕೊಂಡೆ.

ಸೇರಿದ ಕೆಲವೇ ವಾರಗಳಲ್ಲಿ ಕುಂದಾಣದ ಕಡೆಯ ಮುನಿತಾಯಮ್ಮ ಎಂಬ ರೋಗಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಮುಖ ಊದಿತ್ತು, ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಕಿಡ್ನಿ ಕೆಟ್ಟವರ ಮೈಯಲ್ಲಿ ನಿಲ್ಲುವ ನೀರನ್ನು ಮೆಷಿನ್ನೇ ತೆಗೆಯಬೇಕು, ಅದಕ್ಕೆ ನಾಲ್ಕು ಗಂಟೆ ಬೇಕು. ಅವಸರದಲ್ಲಿ ಎಳೆದರೆ ಬಿಪಿ ಕುಸಿಯುತ್ತದೆ, ಮುಂಚೆಯೇ ನಿಲ್ಲಿಸಿದರೆ ನೀರು ಒಳಗೇ ಉಳಿಯುತ್ತದೆ. ಈಕೆಯೋ ಒಂದು ಸರದಿಯನ್ನೂ ತಪ್ಪಿಸಿದವರಲ್ಲ. ಮತ್ತೆ ಹೀಗೇಕಾಯಿತು?

ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಿ, ನರ್ಸನ್ನು ಕೇಳಿದೆ.

"ಅವ್ರಿಗೆ ಮೂರೇ ಗಂಟೆ ಓಡ್ಸಿ ಬಿಟ್ಬಿಡ್ತೀವಿ ಮೇಡಂ. ಆಮೇಲೆ ಇನ್ನೊಬ್ರನ್ನ ಹತ್ತಿಸ್ಬೇಕಲ್ಲ."

ಮ್ಯಾನೇಜರ್ ನಗುತ್ತಲೇ ಬಂದ. "ಬೇಗ ಬಿಡಿ ಅಂತ ಅವ್ರೇ ಕೇಳ್ತಾರೆ ಮೇಡಂ. ಪೇಷೆಂಟ್ ಖುಷಿಯಾಗಿದ್ರೆ ತಾನೇ ಒಳ್ಳೇ ಸರ್ವೀಸು?"

ನನ್ನ ಪಿತ್ತ ನೆತ್ತಿಗೇರಿತು. "ಮನೆಗೆ ಹೋಗೋಕೆ ಕೇಳಿದ್ದಾರೆ ಕಣ್ರೀ, ಸಾಯೋಕಲ್ಲ!" ಹೊರಗೆ ಸೋಫಾದಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ಮುನಿತಾಯಮ್ಮ ಬದುಕಿ ಬಂದರು. ಪುಣ್ಯ. ಮುಂದಿನ ಸಲ ಪಕ್ಕದಲ್ಲಿ ಕೂತು ವಿಚಾರಿಸಿದೆ.

"ಸಾಯಂಕಾಲ ಡೈರಿಗೆ ಹಾಲು ಹಾಕ್ಬೇಕಲ್ವಾ ಡಾಕ್ಟ್ರಮ್ಮ. ನಮ್ಮ ಹಸ ನಾನಲ್ದೆ ಬೇರೆಯೋರು ಕೂತ್ರೆ ಒದ್ದುಬಿಡ್ತದೆ. ಒಸಿ ಬೇಗ ಬಿಡ್ರಪ್ಪಾ ಅಂತಿದ್ದೆ. ಒಳ್ಳೇವ್ರು, ಬಿಡೋರು."

"ಬೇಗ ಬಿಟ್ರೆ ನೀರು ಮೈಯಲ್ಲೇ ಉಳಿಯುತ್ತೆ ಅಂತ ಯಾರೂ ಹೇಳ್ಲಿಲ್ವಾ?"

"ಇಲ್ಲ ಕಣವ್ವ."

"ಹೋಗ್ಲಿ, ಬೆಳಗ್ಗೆ ಬರ್ಬೋದಿತ್ತಲ್ಲ?"

"ಬೆಳಗಿನ ಮಂಚ ನಮ್ಮಂಥ ಕಾರ್ಡ್‌ನೋರ್ಗೆ ಇಲ್ವಂತೆ. ಕೈಯಿಂದ ದುಡ್ಡು ಕಟ್ಟೋರ್ಗಂತೆ."

ಎಲಾ ಇವರ! ಸರ್ಕಾರಿ ಯೋಜನೆಯ ಕಾರ್ಡಿನಲ್ಲಿ ಬಂದವರನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳಿ, ಅವರಿಗೆ ಹಾಲು ಕರೆಯುವ ಹೊತ್ತಾಯಿತೆಂದು ಚಡಪಡಿಸುವಾಗ ಮೆಷಿನ್ ನಿಲ್ಲಿಸಿ, ಆ ಮಂಚಕ್ಕೆ ಇನ್ನೊಬ್ಬರನ್ನು ಹತ್ತಿಸುತ್ತಿದ್ದರು. ಅದಕ್ಕೆ ಸೇವೆ ಅಂತ ಹೆಸರು ಬೇರೆ.

"ಈಕೆಗೆ ಬೆಳಗಿನ ಮಂಚ, ಪೂರ್ತಿ ನಾಲ್ಕು ಗಂಟೆ," ಎಂದೆ ಮ್ಯಾನೇಜರಿಗೆ.

"ರೂಲ್ಸ್ ಇದೆಯಲ್ಲ ಮೇಡಂ..."

"ಬೆಂಕಿ ಹಾಕಿ ನಿಮ್ಮ ರೂಲ್ಸಿಗೆ! ಆಗಲ್ಲ ಅಂದ್ರೆ ನಾನಿವತ್ತೇ ಬಿಡ್ತೀನಿ. ಯಾಕೆ ಬಿಟ್ಟೆ ಅಂತ ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದೆ ಕೂತು ಹೇಳ್ತೀನಿ."

ಮಂಚ ಸಿಕ್ಕಿತು. ಮುನಿತಾಯಮ್ಮನ ಊತ ಇಳಿಯಿತು, ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುವಂತಾದರು. ಉಳಿದ ಕಾರ್ಡಿನವರಿಗೂ ನಾಲ್ಕು ಗಂಟೆ ಕೊಡಿಸಲು ಮತ್ತೆ ಎಷ್ಟೋ ಸಲ ಕಿರುಚಾಡಬೇಕಾಯಿತು. ವರ್ಷ ಮುಗಿದಾಗ ನನ್ನನ್ನು ಮುಂದುವರಿಸಲಿಲ್ಲ. ಅದಕ್ಕೆ ಬೇಜಾರಿಲ್ಲ.

ಯಾವ ಸೆಂಟರ್ ಒಳ್ಳೆಯದು ಎಂದು ಈಗಲೂ ಜನ ಕೇಳುತ್ತಾರೆ. ಸೋಫಾ ನೋಡಬೇಡಿ ಅನ್ನುತ್ತೇನೆ. ಬೆಳಗಿನ ಮಂಚದಲ್ಲಿ ಯಾರಿದ್ದಾರೆ, ಹೊತ್ತಿಗೆ ಮುಂಚೆ ಯಾರನ್ನು ಎಬ್ಬಿಸುತ್ತಾರೆ, ಅದನ್ನು ನೋಡಿ. ರೋಗಿ ಕೈಮುಗಿದರೆಂದು ಚಿಕಿತ್ಸೆ ಚೆನ್ನಾಗಿದೆ ಎಂದು ನಂಬಬೇಡಿ. ನಾನು ಸೇರುವ ಮುಂಚೆ ಆ ಹಸು ಈದಾಗ ಮುನಿತಾಯಮ್ಮ ಗಿಣ್ಣು ಮಾಡಿ, ಡಬ್ಬಿಯಲ್ಲಿ ತಂದು, ಬೇಗ ಬಿಡುತ್ತಾನಲ್ಲ ಪಾಪ ಎಂದು ಆ ಮ್ಯಾನೇಜರಿಗೇ ಕೊಟ್ಟಿದ್ದರಂತೆ. ಅವನು ತಿಂದಿದ್ದ.