ತೊಂಬತ್ತು ಏಟಿನ ಕಲ್ಯಾಣಿ

ನನ್ನ ಸೊಸೆ ಕಲ್ಯಾಣಿ ಸುಮ್ಮನೆ ಕೂತಿದ್ದನ್ನ ನಾನು ನೋಡಿದ್ದು ಕಮ್ಮಿ. ಊಟಕ್ಕೆ ಕೂತರೂ ಒಂದು ಮಂಡಿ ಅಲ್ಲಾಡ್ತಾನೇ ಇರುತ್ತೆ. ಮೂವತ್ತಾರು ವಯಸ್ಸು, ತವರು ಶಿಡ್ಲಘಟ್ಟದ ಕಡೆ ಸಾದಲಿ. ಸ್ಕಂದಗಿರಿ ಹತ್ತಿರದ ನಮ್ಮೂರಿಗೆ ಮದುವೆಯಾಗಿ ಬಂದ ಮೇಲೆ ಗಾಲ್ಫ್ ಮೈದಾನದಲ್ಲಿ ಕಳೆ ಕೀಳೋಕೆ ಸೇರಿದಳು. ಎರಡು ವರ್ಷಕ್ಕೆ ಆಡೋರ ಬ್ಯಾಗು ಹೊರೋ ಕೆಲಸ ಕೊಟ್ರು. ಕೋಲುಗಳು ತುಂಬಿದ ಬ್ಯಾಗು ಹದಿನಾಲ್ಕು ಕೆಜಿ. ಒಂದು ಸುತ್ತಿಗೆ ಎಂಟು ಕಿಲೋಮೀಟರ್ ನಡಿಗೆ. ಒಂಬತ್ತು ವರ್ಷ ಹೊತ್ತಳು. ಸೋಮವಾರ ಮೈದಾನಕ್ಕೆ ರಜೆ, ಆವತ್ತು ಕೆಲಸದೋರು ಆಡಬಹುದು. ಹಾಗೆ ಆಟ ಕಲಿತಳು.

ಹೋದ ವರ್ಷ ಸೊಂಟ ಹಿಡ್ಕೊಳ್ತು. ಡಾಕ್ಟರು ಭಾರ ಹೊರಬೇಡ, ಯೋಗಕ್ಕೆ ಸೇರ್ಕೋ ಅಂದ್ರು. ಅದೇ ಹೊತ್ತಿಗೆ ಮೈದಾನದೋರು, ಹೊಸಬರಿಗೆ ಆಟ ಹೇಳಿಕೊಡೋಕೆ ನಿಮ್ಮಲ್ಲೇ ಒಬ್ಬರನ್ನ ತಗೊಳ್ತೀವಿ ಅಂದ್ರು. ಆದರೆ ಹದಿನೆಂಟು ಗುಳಿಗೂ ಸೇರಿ ತೊಂಬತ್ತು ಏಟು ಮೀರದ ಹಾಗೆ ಚೆಂಡು ಹಾಕಿ ತೋರಿಸಬೇಕು. ಈ ಆಟದಲ್ಲಿ ಏಟು ಕಮ್ಮಿ ಆದಷ್ಟೂ ಒಳ್ಳೇದು. ಕಲ್ಯಾಣಿದು ನೂರಮೂರು, ನೂರೊಂದು, ನೂರನಾಲ್ಕು. ಪರೀಕ್ಷೆಗೆ ಇದ್ದಿದ್ದು ನಾಲ್ಕೇ ತಿಂಗಳು. ಆಗಲಿಲ್ಲ ಅಂದ್ರೆ ಆ ಸೊಂಟ ಇಟ್ಕೊಂಡು ಮತ್ತೆ ಕಳೆಗೆ ಬಗ್ಗಬೇಕು.

ಗೌರಿಬಿದನೂರಿನ ಸಂಘಮಿತ್ರ ಅನ್ನೋ ಮೇಡಮ್ಮು ನಮ್ಮೂರ ಸಮುದಾಯ ಭವನದಲ್ಲಿ ಬೆಳಗ್ಗೆ ಯೋಗ ಹೇಳಿಕೊಡ್ತಾರೆ. ಮೊದಲನೇ ದಿನ ಹೋದೋಳು ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದಳು.

"ಯಾಕೇ ಇಷ್ಟು ಬೇಗ?"

"ಮೇಡಮ್ಮು ಬಿಡು ಅಂದ್ರು ಅತ್ತೆ. ಬಿಟ್ಬಂದೆ."

"ಏನಂದ್ರು, ಸರಿಯಾಗಿ ಹೇಳೇ."

"ಕೂತು ಮೈ ತಿರುಚ್ತಾ ಇದ್ದೆ. ಎಲ್ಲರ ಮುಂದೆ 'ಬಿಡು ಕಲ್ಯಾಣಿ, ಬಿಡು ಬಿಡು' ಅಂತ ಮೂರು ಸಲ ಅಂದ್ರು. ನನ್ನ ಕೈಲಾಗಲ್ಲ ಅಂತ ತಾನೆ? ನನಗೇನು ಮಾನ ಇಲ್ವಾ?"

ಮಾರನೇ ದಿನ ನಾನೇ ಕರ್ಕೊಂಡು ಹೋದೆ. ಸಂಘಮಿತ್ರ ಹಣೆ ಚಚ್ಚಿಕೊಂಡರು. "ಅಯ್ಯೋ ಅಮ್ಮ, ಉಸಿರು ಬಿಡು ಅಂದಿದ್ದು! ಉಸಿರು ಕಟ್ಕೊಂಡು ಮುಖ ಕೆಂಪಾಗಿತ್ತು. ನಾನು ಬಾಯಿ ಬಿಡೋದ್ರೊಳಗೆ ಚಾಪೆ ಸುತ್ಕೊಂಡು ಹೊರಟೇಬಿಟ್ಳು."

ಯಾಕೆ ಕಟ್ತಾಳೆ ಅಂತ ನನಗೆ ಅಲ್ಲೇ ಗೊತ್ತಾಯ್ತು. ಸಾದಲಿಯಲ್ಲಿ ಅವರದು ರೇಷ್ಮೆ ಹುಳ ಸಾಕೋ ಮನೆ. ಮೊಟ್ಟೆಯಿಂದ ಆಗತಾನೆ ಬಂದ ಹುಳ ಸಾಸಿವೆಗಿಂತ ಸಣ್ಣದು. ಕೋಳಿ ಪುಕ್ಕದಲ್ಲಿ ಸವರಿ ಎಲೆ ಮೇಲೆ ಬಿಡಬೇಕು. ಜೋರಾಗಿ ಉಸಿರಾಡಿದರೆ ಹಾರಿಹೋಗುತ್ತೆ. ಏಳು ವರ್ಷದ ಹುಡುಗಿ ಆಗಿದ್ದಾಗಿಂದ ಆ ಕೆಲಸ ಮಾಡಿದೋಳು. ನಾಜೂಕಿನ ಕೆಲಸ ಅಂದ್ರೆ ಉಸಿರು ತಾನಾಗೇ ನಿಲ್ಲುತ್ತೆ. ಚೆಂಡಿನ ಮುಂದೆ ಬಗ್ಗಿದಾಗಲೂ ಅದೇ. ಉಸಿರು ನಿಂತರೆ ಭುಜ ಮೇಲಕ್ಕೆ ಬರುತ್ತೆ, ಸೊಂಟ ತಿರುಗಲ್ಲ, ಬರೀ ತೋಳಲ್ಲಿ ಹೊಡೀತಾಳೆ. ಇದನ್ನ ಹೇಳಿದ್ದಕ್ಕೆ ಸಂಘಮಿತ್ರ, "ಹಾಗಾದ್ರೆ ನಾವು ಕಲಿಸೋದಲ್ಲ, ಮರೆಸೋದು" ಅಂದ್ರು.

ಆವತ್ತಿಂದ ನಾನೂ ಜೊತೆಗೆ ಹೋದೆ. ದಿನಾ ಬೆಳಗ್ಗೆ ಉಸಿರು ಬಿಡ್ತಾ ಮೈ ತಿರುಚೋದು, ಒಂದು ಕಾಲಲ್ಲಿ ನಿಲ್ಲೋದು. ಒಂದು ತಿಂಗಳಿಗೆ ಸೊಂಟ ಸಡಿಲ ಆಯ್ತು. ಎರಡಕ್ಕೆ ಚೆಂಡು ಮೊದಲಿಗಿಂತ ಇಪ್ಪತ್ತು ಹೆಜ್ಜೆ ದೂರ ಹೋಯ್ತು. ಕ್ಲಾಸಿನ ಕೊನೆಗೆ ಹೆಣದ ಥರ ಮಲಗೋ ಆಸನ ಮಾತ್ರ ಬರಲಿಲ್ಲ. ಎಲ್ಲರೂ ಕಣ್ಮುಚ್ಚಿದ್ದರೆ ಇವಳು, "ಅತ್ತೆ, ಹಾಲು ಒಲೆ ಮೇಲೇ ಇದೆಯಾ?" ಅನ್ನೋಳು. ಮೈದಾನದಲ್ಲಿ ಇವಳ ಜೊತೆ ಬ್ಯಾಗು ಹೊರ್ತಿದ್ದ ಕೆಂಪರಾಜು, "ಅಕ್ಕ, ಒಂಟಿ ಕಾಲಲ್ಲಿ ತಪಸ್ಸು ಮಾಡಿ ಈ ಕೆಲಸ ಬಿಟ್ಟು ಬೇರೆ ವರ ಕೇಳ್ಬೇಡ ಕಣಕ್ಕ" ಅಂತ ರೇಗಿಸೋನು. ಏಟು ತೊಂಬತ್ತೇಳಕ್ಕೆ ಇಳೀತು. ಆಮೇಲೆ ತೊಂಬತ್ತನಾಲ್ಕು, ತೊಂಬತ್ತೆರಡು. ತೊಂಬತ್ತು ಮಾತ್ರ ಒಂದು ಸಲಾನೂ ಆಗಲಿಲ್ಲ.

ಪರೀಕ್ಷೆ ದಿನ ಎದ್ದೋಳೇ ಅಂಗಳ ಎರಡು ಸಲ ಗುಡಿಸಿದಳು. ನನಗೂ ಮನೇಲಿ ಕೂರೋಕಾಗದೆ ಮೈದಾನಕ್ಕೆ ಹೋಗಿ ಕೊನೇ ಗುಳಿ ಹತ್ತಿರ ಹೊಂಗೆ ಮರದಡಿ ನಿಂತೆ. ಒಂದೂವರೆ ಗಂಟೆ ಆ ಕಡೆ ಈ ಕಡೆ ನಡೆದಿದ್ದೇ.

ಬಂದಳು. ಕೆಂಪರಾಜು ಓಡಿಬಂದು ಮೆಲ್ಲಗೆ ಅಂದ, "ಹದಿನೇಳು ಗುಳಿಗೆ ಎಂಬತ್ತೈದಾಗಿದೆ ದೊಡ್ಡಮ್ಮ. ಇನ್ನು ಐದೇ."

ಮೂರನೇ ಏಟಿಗೆ ಚೆಂಡು ಗುಳಿ ಇರೋ ನುಣುಪು ಹುಲ್ಲಿಗೆ ಬಂತು. ನಾಲ್ಕನೇದು ಗುಳಿ ದಾಟಿ ಮೂರಡಿ ಆಚೆ ಹೋಯ್ತು. ಉಳಿದಿದ್ದು ಒಂದು. ಬಗ್ಗಿದಳು. ಭುಜ ಕಿವಿ ಹತ್ತಿರಕ್ಕೆ ಏರ್ತಾ ಇದ್ದದ್ದು ಅಷ್ಟು ದೂರಕ್ಕೂ ಕಾಣಿಸ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ, ಅಲ್ಲಿ ಸದ್ದು ಮಾಡಬಾರದು. ಕಲ್ಯಾಣಿ ಎದ್ದು ಎರಡು ಹೆಜ್ಜೆ ಹಿಂದೆ ಬಂದಳು. ಆಕಾಶ ನೋಡಿದಳು. ಮತ್ತೆ ಬಗ್ಗಿದಾಗ ಭುಜ ಕೆಳಗಿತ್ತು. ಚೆಂಡು ಅಂಚಿನಲ್ಲಿ ಅರ್ಧ ಸುತ್ತು ಹಾಕಿ ಒಳಗೆ ಬಿತ್ತು.

ಲೆಕ್ಕ ಬರೀತಿದ್ದ ಸುನೀಲ್‌ಕುಮಾರ್ ಸಾರ್ ಬೆರಳಿಟ್ಟು ಎರಡು ಸಲ ಕೂಡಿ ನೋಡಿದರು. "ತೊಂಬತ್ತು. ಇನ್ನು ಬ್ಯಾಗ್ ಮುಟ್ಟಂಗಿಲ್ಲ ಕಲ್ಯಾಣಿ."

"ಮತ್ತೆ ಸುಮ್ನೆ ಹೇಗೆ ನಿಂತ್ಕೊಳ್ಳಲಿ ಸಾರ್? ಕೈಲಿ ಏನಾದ್ರೂ ಬೇಕಲ್ಲ."

"ಒಂದು ಕೋಲು ಹಿಡ್ಕೊಳ್ಳಮ್ಮ."

ಅವರು ಇನ್ನೂ ಏನೋ ಹೇಳ್ತಾ ಇದ್ದರು. ಇವಳು ಆಗಲೇ ಮೊದಲನೇ ಗುಳಿ ಕಡೆ ಹೊರಟಿದ್ದಳು, ಹೊಸಬರನ್ನ ಎಲ್ಲಿ ನಿಲ್ಲಿಸಿದ್ರೆ ಬಿಸಿಲು ಕಣ್ಣಿಗೆ ಹೊಡೆಯಲ್ಲ ಅಂತ ನೋಡೋಕೆ.