ಕಲ್ಲುನೆಲದ ತೇಗ

ಆಸ್ತಿ ಪಾಲಾದ ದಿನ ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಶಿಡ್ಲಘಟ್ಟದ ದಾರಿಯಲ್ಲಿದ್ದ ಬೋರ್‌ವೆಲ್ ಜಮೀನನ್ನು ತಾವಿಟ್ಟುಕೊಂಡು, ಕಳವಾರದ ಬೆಟ್ಟದ ಬುಡದ ಕಲ್ಲುನೆಲವನ್ನು ನಮಗೆ ಬಿಟ್ಟರು. ನನ್ನ ಗಂಡ ಅಣ್ಣನ ಎದುರು ತುಟಿ ಬಿಚ್ಚುವವರಲ್ಲ. ಆ ಮಳೆಗಾಲದಲ್ಲಿ ಒಂದೇ ನರ್ಸರಿಯಿಂದ ತಂದ ತೇಗದ ಸಸಿಗಳನ್ನು ಎರಡೂ ಕಡೆ ನೆಟ್ಟೆವು. ಅವರು ಹಿಪ್ಪುನೇರಳೆ ತೋಟದ ಬದುವಿನ ಮೇಲೆ, ನಾವು ಗುಂಡುಕಲ್ಲುಗಳ ಸಂದಿಯಲ್ಲಿ.

ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಒಂದು ಚಾಳಿ. ಹಿಪ್ಪುನೇರಳೆ ಸಾಕಿದ ಹಾಗೇ ಎಲ್ಲವನ್ನೂ ಸಾಕುತ್ತಾರೆ. ಭಾವ ತೇಗಕ್ಕೂ ಡ್ರಿಪ್ ಎಳೆದರು. ಹುಳುಮನೆಯ ಹಿಕ್ಕೆ, ಹುಳು ತಿಂದು ಬಿಟ್ಟ ಸೊಪ್ಪು ಎಲ್ಲವನ್ನೂ ಬುಡಕ್ಕೆ ಸುರಿದರು. ಮರಗಳು ನೋಡನೋಡುತ್ತ ಎದ್ದವು. ನಮ್ಮವು ಬೇಸಿಗೆ ಬಂತೆಂದರೆ ಎಲೆ ಉದುರಿಸಿ ಸುಮ್ಮನೆ ನಿಂತುಬಿಡುತ್ತಿದ್ದವು. ಒಮ್ಮೆ ನೆಂಟರ ಮದುವೆಯ ಪಂಕ್ತಿಯಲ್ಲಿ ಭಾವ ಎಲ್ಲರಿಗೂ ಕೇಳುವ ಹಾಗೆ, "ಏನಮ್ಮಾ, ನಿಮ್ಮ ತೇಗ ಒಲೆಗಾದ್ರೂ ಆಗುತ್ತಾ?" ಅಂದರು. ಕೂತವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕರು.

ತಾಳಿದವನು ಬಾಳಿಯಾನು ಅನ್ನುತ್ತಾರೆ. ನಾನು ತಾಳಿದ್ದು ಬಾಳುವುದಕ್ಕಲ್ಲ, ತೀರಿಸಿಕೊಳ್ಳುವುದಕ್ಕೆ.

ಸಸಿ ನೆಟ್ಟು ಇಪ್ಪತ್ತು ವರ್ಷವಾದ ಮೇಲೆ, ಹೋದ ವರ್ಷ, ಭಾವ ಹೊಸ ಮನೆ ಕಟ್ಟಿಸಲು ಶುರು ಮಾಡಿದರು. ಮುಂಬಾಗಿಲು ಸ್ವಂತ ಮರದ್ದೇ ಎಂದು ಊರೆಲ್ಲ ಡಂಗುರ. ಕಡಿಸಿ ಒಣಗಿಸಿದ್ದ ದಿಮ್ಮಿಯನ್ನು ಚಿಕ್ಕಬಳ್ಳಾಪುರದ ಸಾಮಿಲ್‌ಗೆ ಒಯ್ದ ದಿನ ನನ್ನ ಗಂಡನ ಜೊತೆ ನಾನೂ ಹೋದೆ. ನನಗಲ್ಲಿ ಏನು ಕೆಲಸವಿತ್ತೆಂದು ಕೇಳಬೇಡಿ. ಅಷ್ಟು ದಪ್ಪ ದಿಮ್ಮಿ ಸೀಳಿದರೆ ಒಳಗೆಲ್ಲ ಬಿಳುಪು. ಚೇಗು, ಅಂದರೆ ಮರದ ಗಟ್ಟಿ ತಿರುಳು, ನಡುವೆ ಇಷ್ಟೇ ಇಷ್ಟು. ವರ್ಷವಿಡೀ ನೀರು ಕುಡಿದು ಮೈ ಬೆಳೆಸುವ ಭರದಲ್ಲಿ ಅದಕ್ಕೆ ಚೇಗು ಕಟ್ಟಲು ವ್ಯವಧಾನವೇ ಇರಲಿಲ್ಲ. ಒಂದು ತುಂಡನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ನಮ್ಮದೊಂದು ಮರವನ್ನೂ ನಾನು ಮೊದಲೇ ಕಡಿಸಿ ನೆರಳಲ್ಲಿ ಒಣಗಿಸಿಟ್ಟಿದ್ದೆ. ಅದರಿಂದ ಅಷ್ಟೇ ಅಳತೆಯ ತುಂಡು ಕುಯ್ಯಿಸಿ ಎರಡನ್ನೂ ನೀರಿನ ತೊಟ್ಟಿಗೆ ಹಾಕಿದೆ. ಅವರದು ಅರ್ಧವೂ ಮುಳುಗದೆ ತೇಲಿತು. ನಮ್ಮದು ಮುಕ್ಕಾಲು ಮುಳುಗಿ ನಿಂತಿತು. ಹಬ್ಬದೂಟ ಮಾಡಿದಷ್ಟು ಸುಖವಾಯಿತು.

ನಿಧಾನಕ್ಕೆ ಬೆಳೆದ ಮರವೆಲ್ಲ ಗಟ್ಟಿ ಎಂದೇನೂ ಇಲ್ಲ. ನಮ್ಮ ಮೇಲಿನ ಸಾಲಿನವು ಸೊಟ್ಟಗಾಗಿವೆ, ಕೆಲವು ಟೊಳ್ಳು. ಅದನ್ನು ಭಾವನಿಗೆ ಹೇಳುವಷ್ಟು ಒಳ್ಳೆಯವಳಲ್ಲ ನಾನು.

ಬಿಳಿ ಮರಕ್ಕೆ ಹುಳು ಬೀಳುತ್ತದೆಂದು ಬಡಗಿ ಚೌಕಟ್ಟು ಮಾಡಲು ಒಪ್ಪಲಿಲ್ಲ. ಬಾಗಿಲ ಪೂಜೆಗೆ ಮುಹೂರ್ತ ಇಟ್ಟಾಗಿತ್ತು, ನೆಂಟರನ್ನು ಕರೆದಾಗಿತ್ತು. ಭಾವ ಬಂದು ನಮ್ಮ ಜಗಲಿಯ ಮೇಲೆ ಕೂತರು.

"ಒಂದು ಚೌಕಟ್ಟಿಗಾಗೋಷ್ಟು ಮರ ಕೊಡಮ್ಮ. ಎಷ್ಟಾದ್ರೂ ಕೊಡ್ತೀನಿ. ನಿಮ್ಮದಾದ್ರೇನು, ನಮ್ಮ ಮನೆತನದ್ದೇ ಅಲ್ವಾ? ಯಾರಿಗೂ ಹೇಳೋದೇನೂ ಬೇಡ."

"ದುಡ್ಡು ಬೇಡ ಭಾವ. ಬಾಗಿಲು ನಿಲ್ಲಿಸೋ ಹೊತ್ತಲ್ಲಿ ಇದು ಯಾರ ನೆಲದ ಮರ ಅಂತ ಎಲ್ಲರ ಮುಂದೆ ನೀವೇ ಹೇಳ್ಬೇಕು. ಅಷ್ಟೇ."

ನನ್ನ ಗಂಡ ಕೆಮ್ಮಿದರು. ನಾನು ಅವರ ಕಡೆ ನೋಡಲಿಲ್ಲ. ಭಾವ ಕೊನೆಗೆ ಹೂಂ ಅಂದರು.

ಪೂಜೆಯ ದಿನ ಚೌಕಟ್ಟನ್ನು ಎತ್ತಿ ನಿಲ್ಲಿಸುವಾಗ ಅವರ ಮಗ, ಅಳಿಯ ಇಬ್ಬರೂ ಏದುಸಿರು ಬಿಟ್ಟರು. ಅರಿಶಿನ ಕುಂಕುಮ ಇಟ್ಟಾಯಿತು, ಕಾಯಿ ಒಡೆದಾಯಿತು. ನಾನು ಕಣ್ಣು ಕೀಳದೆ ಭಾವನನ್ನೇ ನೋಡಿದೆ. ಕೊನೆಗೆ ಅವರು ನೆಲ ನೋಡುತ್ತ, ಗೊಣಗುವ ಹಾಗೆ, "ಇದು ತಮ್ಮನ ಜಮೀನಿನ ಮರ, ನನ್ನದಲ್ಲ" ಅಂದರು.

"ಹಿಂದೆ ಕೂತಿರೋರಿಗೆ ಕೇಳಿಸಲಿಲ್ಲ ಭಾವ. ಇನ್ನೊಂದ್ಸಲ ಹೇಳಿ," ಅಂದೆ.

ಹೇಳಿದರು, ಈ ಸಲ ಜೋರಾಗಿ. ಅವರ ದನಿ ನಡುಗಿತು. ನನಗೆ ಇನ್ನೂ ಒಂದು ಸಲ ಹೇಳಿಸಬೇಕು ಅನ್ನಿಸಿತು.