ತಣ್ಣೀರು ಬೆರೆಸಿದ ಬಿಸಿನೀರು

ಮುಂಡಾಜೆಯ ಆಶಾ ಕಾರ್ಯಕರ್ತೆ ಕಾಂತಿಯನ್ನು ಊರಿನವರು ಬೆನ್ನ ಹಿಂದೆ ‘ಬಿಸಿನೀರು ಕಾಂತಕ್ಕ’ ಎನ್ನುತ್ತಾರೆ. ಹದಿಮೂರು ವರ್ಷಗಳಿಂದ ಮನೆ ಮನೆ ಹತ್ತಿಳಿದು ಅವಳು ಹೇಳಿದ್ದು ಒಂದೇ ಮಾತು, ನೀರು ಕುದಿಸಿ ಕುಡಿಯಿರಿ. ಯಾರು ಕೇಳಿದರೋ ಬಿಟ್ಟರೋ, ಗಂಡ ಚಿನ್ನಯ್ಯ ಮಾತ್ರ ಚಾಚೂತಪ್ಪದೆ ಕೇಳಿದ. ಹೊರಗೆ ಎಲ್ಲಿ ಹೋದರೂ ಅವನಿಗೆ ಬಿಸಿನೀರೇ ಆಗಬೇಕು. ಹೆಂಡತಿಯ ಮಾತು ಕೇಳಿಯೇ ಅವನು ಸತ್ತ.

ಎರಡು ವರ್ಷಗಳ ಹಿಂದೆ ಶಿರ್ತಾಡಿಯಲ್ಲಿ ನೆಂಟರೊಬ್ಬರ ಮದುವೆ. ಅಡುಗೆಯ ಗುತ್ತಿಗೆ ಬಂಟ್ವಾಳದ ಧರ್ಣಪ್ಪನದು. ನಮ್ಮ ಕಡೆ ಮದುವೆ ಊಟಕ್ಕೆ ಜೀರಿಗೆ ಹಾಕಿ ಕುದಿಸಿದ ನೀರು ಕೊಡದಿದ್ದರೆ ಮರ್ಯಾದೆ ಅಲ್ಲ. ಆದರೆ ಒಲೆಯಿಂದ ಇಳಿಸಿದ ನೀರು ನಾಲಗೆ ಸುಡುತ್ತದೆ, ಪಂಕ್ತಿಯಲ್ಲಿ ಕುಳಿತವರಿಗೆ ತಾಳ್ಮೆ ಇಲ್ಲ. ಧರ್ಣಪ್ಪ ಅದಕ್ಕೊಂದು ಸುಲಭದ ದಾರಿ ಕಂಡುಕೊಂಡಿದ್ದ. ಅರ್ಧ ಕುದಿಸಿದ ನೀರು, ಅರ್ಧ ಮದುವೆ ಹಾಲ್‌ನ ಬಾವಿಯ ತಣ್ಣೀರು. ಆ ಬಾವಿಗೂ ಕಕ್ಕಸಿನ ಗುಂಡಿಗೂ ಹತ್ತು ಹೆಜ್ಜೆ ದೂರವಿರಲಿಲ್ಲ. ಚಿನ್ನಯ್ಯ ಜೀರಿಗೆಯ ಪರಿಮಳ ನಂಬಿ ಮೂರು ಲೋಟ ಕುಡಿದ.

ಹತ್ತು ದಿನ ಕಳೆದು ಜ್ವರ ಹಿಡಿಯಿತು. ರಕ್ತ ಪರೀಕ್ಷೆ ಮಾಡಿಸುವ ಎಂದು ಕಾಂತಿ ಹೇಳಿದರೆ, “ಬಿಸಿನೀರು ಕುಡಿಯುವವನಿಗೆ ಎಂಥ ಟೈಫಾಯ್ಡ್ ಮಾರಾಯ್ತಿ” ಎಂದು ನಕ್ಕು, ಮಾತ್ರೆ ನುಂಗಿಕೊಂಡು ರಿಕ್ಷಾ ಓಡಿಸಿದ. ಟೈಫಾಯ್ಡ್‌ನ ರೋಗಾಣುವಿಗೆ ಅವಸರವಿಲ್ಲ. ಅದು ಸಣ್ಣ ಕರುಳಿನ ಗೋಡೆಯಲ್ಲಿ ಬೀಡುಬಿಟ್ಟು ನಿಧಾನಕ್ಕೆ ಹುಣ್ಣು ಮಾಡುತ್ತದೆ. ಮೂರನೆಯ ವಾರ ಕರುಳು ತೂತಾಯಿತು. ಆಪರೇಷನ್ ಆಯಿತು, ಆದರೆ ಹೊಟ್ಟೆಯೊಳಗೆಲ್ಲ ಕೀವು ಹರಡಿತ್ತು.

ಅದೇ ಮದುವೆಯಲ್ಲಿ ಉಂಡ ಮೂವತ್ತೊಂದು ಮಂದಿ ಜ್ವರದಿಂದ ಮಲಗಿದ್ದರು. ವಿಚಾರಣೆಗೆ ಬಂದ ಆರೋಗ್ಯ ಇಲಾಖೆಯವರ ಮುಂದೆ ಧರ್ಣಪ್ಪ ಕೈಮುಗಿದು ನಿಂತ. “ಬಿಸಿನೀರಿಗೆ ಸೇರಿದ ಮೇಲೆ ತಣ್ಣೀರಿನ ಕ್ರಿಮಿಯೂ ಸಾಯ್ತದೆ ಅಂತ ಗ್ರಹಿಸಿದ್ದು ಸಾರ್. ನಾವು ಓದಿದವರಲ್ಲ, ನಮಗೆ ಹೇಗೆ ಗೊತ್ತಾಗ್ತದೆ?” ತಿಳಿಯದೆ ಆದ ತಪ್ಪು ಎಂದು ಅಲ್ಲಿಗೇ ಮುಗಿಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಊರವರು ಕಾಂತಿಯನ್ನು ಸಮಾಧಾನ ಮಾಡಿದರು. ಎಂಥ ಸಮಾಧಾನ! ಉಪ್ಪು ತಿಂದವನು ಒಬ್ಬ, ನೀರು ಕುಡಿದವನು ಇನ್ನೊಬ್ಬ. ಧರ್ಣಪ್ಪನಿಗೆ ಗೊತ್ತಿತ್ತು ಎಂಬ ಸಂಶಯ ಅವಳ ಎದೆಯಿಂದ ಒಂದು ದಿನವೂ ಇಳಿಯಲಿಲ್ಲ. ಸಾಬೀತು ಮಾಡುವುದು ಹೇಗೆ ಎಂದು ಮಾತ್ರ ತಿಳಿಯಲಿಲ್ಲ.

ಕಳೆದ ಮೇ ತಿಂಗಳಲ್ಲಿ ಕಕ್ಕಿಂಜೆಯ ಪರಿಚಯದ ಮನೆಯವರು ಮಗನ ಮದುವೆಗೆ ಕರೆದರು. ಹುಡುಗಿ ಪ್ರಾಪ್ತಿ, ಧರ್ಣಪ್ಪನ ಮಗಳು. ಮದುವೆ ಬಂಟ್ವಾಳದಲ್ಲಿ, ಅಡುಗೆ ಧರ್ಣಪ್ಪನದೇ. ಕಾಂತಿ ಒಳ್ಳೆಯ ಸೀರೆ ಉಟ್ಟು, ಚೀಲದಲ್ಲಿ ಖಾಲಿ ಬಾಟಲಿ ಇಟ್ಟುಕೊಂಡು ಹೋದಳು. ಬೆರಕೆ ನೀರು ತುಂಬಿಸಿ ಪರೀಕ್ಷೆಗೆ ಕೊಟ್ಟರೆ ಎರಡನೆಯ ಸಲ ಅವನು ಕೈಮುಗಿದರೆ ನಡೆಯುವುದಿಲ್ಲ ಎಂಬುದು ಅವಳ ಲೆಕ್ಕ.

ಅಡುಗೆಮನೆಯ ಹಿಂದೆ, ಬಡಿಸುವ ಹೆಂಗಸು ನೀಲಾವತಿ ಹಂಡೆಯಿಂದ ಜಗ್ಗುಗಳಿಗೆ ನೀರು ತುಂಬಿಸುತ್ತಿದ್ದಳು.

“ತಣ್ಣೀರು ಬೆರೆಸುದಿಲ್ವಾ?” ಕಾಂತಿ ಕೇಳಿದಳು.

“ಇವತ್ತು ಇಲ್ಲಕ್ಕ. ನಿನ್ನೆಯೇ ಕುದಿಸಿ ಮುಚ್ಚಿಟ್ಟು ಆರಿಸಿದ್ದು. ಬಾವಿನೀರು ಒಂದು ಹನಿ ಸೇರಬಾರ್ದು, ಬೀಗರ ಹೊಟ್ಟೆ ಕೆಟ್ರೆ ಮಾನ ಹೋಗ್ತದೆ ಅಂತ ಧರ್ಣಪ್ಪಣ್ಣ ಹೇಳಿದ್ದಾರೆ.”

“ಬೇರೆ ಮದುವೆಗೆ?”

“ಬೇರೆಯವರದ್ದಕ್ಕೆ ಯಾವಾಗ್ಲೂ ಬೆರೆಸುದೇ ಅಲ್ವಾ? ಅಷ್ಟು ಹಂಡೆ, ಅಷ್ಟು ಸೌದೆ ಯಾರು ಕೊಡ್ತಾರೆ?”

ಎರಡು ವರ್ಷಗಳಲ್ಲಿ ಕಾಣದ ಒಂದು ಸಂತೋಷ ಕಾಂತಿಯೊಳಗೆ ಎದ್ದಿತು. ಬಾಟಲಿ ಇನ್ನು ಬೇಕಾಗಿರಲಿಲ್ಲ. ಅವಳು ನೇರ ಹೋಗಿ ಮದುಮಕ್ಕಳ ಎದುರು ಸಾಲಿನಲ್ಲಿ, ಬೀಗರ ನಡುವೆ ಎಲೆ ಹಿಡಿದು ಕುಳಿತಳು. ಧರ್ಣಪ್ಪ ಉಪಚಾರಕ್ಕೆ ತಾನೇ ಜಗ್ಗು ಹಿಡಿದು ಬರುತ್ತಿದ್ದ. ಅವಳನ್ನು ಕಂಡು ಮುಖ ಬಿಳಿಚಿತು, ಆದರೂ ಬಗ್ಗಿ ನೀರು ಎರೆದ.

ಕಾಂತಿ ಪೂರ್ತಿ ಲೋಟ ಕುಡಿದಳು.

“ನೀರು ಒಳ್ಳೆದುಂಟು ಧರ್ಣಪ್ಪಣ್ಣ.” ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದಳು. “ನಿನ್ನೆಯೇ ಕುದಿಸಿ ಆರಿಸಿದ್ದಲ್ವಾ. ಬಾವಿದು ಒಂದು ಹನಿ ಸೇರಿಸ್ಲಿಲ್ಲ. ಹಾಗಾದ್ರೆ ನಿಮಗೆ ಗೊತ್ತುಂಟು.”

“ಕಾಂತಕ್ಕ, ಇವತ್ತು ಬೇಡ. ಕೈಮುಗೀತೇನೆ.”

“ಆವತ್ತೂ ಮುಗಿದಿದ್ದೀರಿ. ಗೊತ್ತಿಲ್ಲ ಅಂದಿದ್ದೀರಿ. ನಿಮ್ಮ ಅಳಿಯನಿಗೆ ಕುದಿಸಿ ಆರಿಸಿದ್ದು, ನನ್ನ ಗಂಡನಿಗೆ ಬೆರೆಸಿದ್ದು. ಅವರು ಬಿಸಿನೀರು ಅಂತ ನಂಬಿ ಕುಡಿದು ಸತ್ತರು. ಶಿರ್ತಾಡಿಯ ಮದುವೆ, ಮೂವತ್ತೊಂದು ಜನ ಮಲಗಿದ್ದು, ನಿಮ್ಮ ಬೀಗರಿಗೆ ಹೇಳಿದ್ದೀರಾ?”

ಮದುಮಗನ ತಾಯಿ ಲೋಟವನ್ನು ಎಲೆಯಿಂದಾಚೆ ಸರಿಸಿದಳು.

ಪ್ರಾಪ್ತಿ ತಲೆ ಎತ್ತಿ ತಂದೆಯನ್ನು ನೋಡಿದಳು. “ಅಪ್ಪ, ನಿಮಗೆ ಗೊತ್ತಿತ್ತಾ?”

ಧರ್ಣಪ್ಪನ ಕೈಯ ಜಗ್ಗು ಓರೆಯಾಗಿ ನೀರು ನೆಲಕ್ಕೆ ಸುರಿಯುತ್ತಿತ್ತು.

“ಮೊದಲು ಊಟ ಮಾಡು ಮಗಾ,” ಎಂದ.

ಪ್ರಾಪ್ತಿ ಎಲೆಯಿಂದ ಕೈ ಹಿಂದೆಗೆದಳು. ಆ ಹುಡುಗಿಯ ಮುಖ ನೋಡಿದರೆ ಕರುಣೆ ಬಂದೀತು ಎಂದು ಕಾಂತಿ ಬೆಳಗ್ಗಿನಿಂದ ಹೆದರಿದ್ದಳು. ಬರಲಿಲ್ಲ. ಕಾಂತಿ ಸಾರು ಕಲಸಿಕೊಂಡು ಉಣ್ಣತೊಡಗಿದಳು, ಪಾಯಸ ಬರುವವರೆಗೂ ಏಳಲಿಲ್ಲ.